ಉಳಿದ ಅನ್ನದ ಸಂಡಿಗೆ

೧೯೯೯ರಲ್ಲಿ ನಾನು ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಒಂದು ಡಾಟ್‌ಕಾಂ ಕಂಪನಿಯಲ್ಲಿ ಕಿಚನ್ ಮ್ಯಾನೇಜರ್ ಆಗಿದ್ದೆ. ಆ ಕಾಲದಲ್ಲಿ ಇಂಥ ಕಂಪನಿಗಳು ಕೆಲಸದವರಿಗೆ ಮಧ್ಯಾಹ್ನದ ಊಟ ಪುಕ್ಕಟೆ ಹಾಕುತ್ತಿದ್ದವು. ಊಟ ಮುಗಿಯುವವರೆಗೆ ಯಾವ ಪಾತ್ರೆಯ ತಳವೂ ಕಾಣಬಾರದು ಎಂಬುದು ನನಗಿದ್ದ ಆದೇಶ. ಹೀಗಾಗಿ ದಿನವೂ ಹಂಡೆಗಟ್ಟಲೆ ಅನ್ನ ಮಿಗುತ್ತಿತ್ತು. ಹೊರಗಿನವರಿಗೆ ಕೊಡೋಣವೆಂದರೆ ಕಂಪನಿಯ ವಕೀಲರು ಬೇಡವೆಂದರು; ಯಾರದಾದರೂ ಹೊಟ್ಟೆ ಕೆಟ್ಟರೆ ಕೇಸು ಬೀಳುತ್ತದಂತೆ. ನಾನು ಕೈಯಾರೆ ಬೇಯಿಸಿದ್ದನ್ನು ನನ್ನ ಕಣ್ಣೆದುರೇ ಡಂಪ್‌ಸ್ಟರಿಗೆ, ಹಿಂದಿನ ಬಾಗಿಲಾಚೆಯ ದೊಡ್ಡ ಕಸದ ತೊಟ್ಟಿಗೆ, ಸುರಿಯುತ್ತಿದ್ದರು. ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಬೆಳೆದವಳು ನಾನು. ನೋಡಲಾಗುತ್ತಿರಲಿಲ್ಲ.

ಒಂದು ದಿನ ಮನೆಯಿಂದ ಚಕ್ಕುಲಿ ಒತ್ತುವ ಹಿತ್ತಾಳೆ ಒರಳು ತಂದೆ. ಬಡಿಸದೆ ಉಳಿದ ಅನ್ನವನ್ನು ಕೂಡಲೇ ಫ್ರಿಜ್ಜಿಗೆ ಸೇರಿಸಿ, ಮರುದಿನ ಹಸಿಮೆಣಸಿನಕಾಯಿ, ಜೀರಿಗೆ, ಇಂಗು, ಉಪ್ಪು ಹಾಕಿ ರುಬ್ಬಿ, ಒರಳಲ್ಲಿ ಒತ್ತಿ, ಸಣ್ಣ ಉರಿಯ ಓವನ್ನಿನಲ್ಲಿ ಒಣಗಿಸಿದೆ. ಕರಿದು ಸಾರಿನ ಪಕ್ಕ ಇಟ್ಟರೆ ಕಂಪನಿಯಲ್ಲಿದ್ದ ಮಂಡ್ಯ, ಹಾಸನದ ಹುಡುಗರಷ್ಟೇ ಅಲ್ಲ, ಅಮೆರಿಕದವರೂ ಮುಗಿಬಿದ್ದರು. ಅನ್ನ ಚೆಲ್ಲುವುದು ನಿಂತೇಹೋಯಿತು. ಆ ದಿನಗಳಲ್ಲಿ ಮನೆಗೆ ಹೋಗಿ ನೆಮ್ಮದಿಯಿಂದ ಉಣ್ಣುತ್ತಿದ್ದೆ.

ಆ ಸಂಡಿಗೆಯೇ ಮುಳುವಾಯಿತು. ಕಂಪನಿಯ ಆಡಳಿತ ನೋಡುತ್ತಿದ್ದ ಬೆಂಗಳೂರಿನ ಮಂಜುನಾಥ್ ಅಡುಗೆಮನೆಗೆ ಬಂದರು.

"ಮೇಡಂ, ವೇಸ್ಟಿಂದ ಸಂಡಿಗೆ ಅನ್ನೋದು ಸೂಪರ್ ಸ್ಟೋರಿ. ಮುಂದಿನ ವಾರ ಇನ್ವೆಸ್ಟರ್ಸ್ ಬರ್ತಾರೆ. ಎಲ್ರಿಗೂ ಪ್ಯಾಕೆಟ್ ಕೊಡೋಣ."

"ಅಷ್ಟು ಅನ್ನ ಉಳಿಯಂಗಿಲ್ರೀ," ಎಂದೆ.

"ಹೊಸದಾಗಿ ಮಾಡಿ. ಅಕ್ಕಿಗೇನು ಬರವಾ?"

"ಅನ್ನ ಉಳೀತಂತ ಸಂಡಿಗಿ ಮಾಡೋದ್ರೀ. ಸಂಡಿಗಿ ಸಲುವಾಗಿ ಅನ್ನ ಉಳಸೋದಲ್ಲ."

ಅವರು ನಕ್ಕು ಹೋದರು. ನನ್ನ ಗಂಡನ ಕೆಲಸ ಹಿಂದಿನ ತಿಂಗಳಷ್ಟೇ ಹೋಗಿತ್ತು. ಮನೆ ನಡೆಯುತ್ತಿದ್ದುದು ನನ್ನ ಸಂಬಳದಿಂದ. ಬಾಯಿ ಮುಚ್ಚಿಕೊಂಡು ಹೊಸ ಅನ್ನ ಬೇಯಿಸಿದೆ, ಒತ್ತಿದೆ. ಆ ಹೊಸ ಅನ್ನಕ್ಕೇ ಫ್ರಿಜ್ಜು, ಓವನ್ನು ಎರಡೂ ಭರ್ತಿಯಾದವು. ನಿಜವಾಗಿ ಉಳಿದ ಅನ್ನ ಇಡಲು ಜಾಗವಿಲ್ಲದೆ ಮತ್ತೆ ಡಂಪ್‌ಸ್ಟರಿಗೆ ಹೋಯಿತು. ಇಂಥ ಹುಚ್ಚಾಟ ನಾನು ಎಲ್ಲೂ ಕಂಡಿರಲಿಲ್ಲ.

ಇನ್ವೆಸ್ಟರುಗಳು ಬಂದ ದಿನ ಮಂಜುನಾಥ್ ನನ್ನನ್ನೂ ಕರೆದು ನಿಲ್ಲಿಸಿದರು. ಬಂದವರಲ್ಲೊಬ್ಬರು ಪ್ಯಾಕೆಟ್ ಹಿಡಿದು, ಇದು ನಿಜಕ್ಕೂ ಎಸೆಯಬೇಕಿದ್ದ ಅನ್ನವೇ ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ. ಅಲ್ಲ, ಇದು ನಿಮಗೆಂದೇ ಬೇಯಿಸಿದ್ದು, ಎಸೆದ ಅನ್ನ ಹಿಂದಿನ ಬಾಗಿಲಾಚೆ ಬಿದ್ದಿದೆ, ಬನ್ನಿ ತೋರಿಸುತ್ತೇನೆ ಎಂದೆ. ಅವರು ಗೊಳ್ಳೆಂದು ನಕ್ಕರು. ತಮಾಷೆ ಎಂದುಕೊಂಡರೋ ಏನೋ, ಇನ್ನೊಂದು ಪ್ಯಾಕೆಟ್ ಎತ್ತಿಕೊಂಡರು. ಮಂಜುನಾಥ್ ನಗಲಿಲ್ಲ.

ಆ ಶುಕ್ರವಾರ ನನ್ನ ಕೆಲಸ ಹೋಯಿತು. ಬ್ಯಾಡ್ಜು ಹಿಂದಿರುಗಿಸಲು ಹೋದರೆ ಮಂಜುನಾಥ್, ಬೇಜಾರು ಮಾಡ್ಕೋಬೇಡಿ ಎಂದರು. ಆದರೆ ಸಂಡಿಗೆ ನಿಲ್ಲಬಾರದಂತೆ, ರೆಸಿಪಿ ಹೇಳಿ ಹೋಗಬೇಕಂತೆ. ಪುಣ್ಯಾತ್ಮನಿಗೆ ಕೇಳಲು ನಾಚಿಕೆಯೂ ಆಗಲಿಲ್ಲ.

ಒರಳನ್ನು ಯಾರ ಕೈಗೆ ಬೇಕಾದರೂ ಕೊಡಬಹುದು, ಚೆಲ್ಲುವಾಗ ಆಗುವ ಸಂಕಟವನ್ನು ಕೊಡಲಾಗುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಅವತ್ತು ಅದು ಗೊತ್ತಿಲ್ಲದೆ ಅವರಿಗೆ ತಿಳಿಸಿ ಹೇಳಲು ಹೋದೆ.

"ಮೊದ್ಲ, ಅನ್ನ ಚೆಲ್ಲಾಕ ಮನಸ್ಸು ಬರಬಾರದ್ರೀ."

"ಅದು ಸರಿ ಮೇಡಂ," ಎಂದರು ಮಂಜುನಾಥ್, ಪೆನ್ನು ಹಿಡಿದುಕೊಂಡು. "ಎಷ್ಟು ಕಪ್ ಅಕ್ಕಿ?"