ಚಂದ್ರಕಾಳಿಯ ಏಳನೇ ತುಳಸಿಕಟ್ಟೆ

ಹಿಡಿದ ಕೆಲಸ ನಾನು ನಡುವೆ ಬಿಡುವವಳಲ್ಲ. ಈ ಮಾತನ್ನು ಎಷ್ಟು ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದೇನೋ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಬ್ಯಾಂಕಿನಲ್ಲಿ ಮೇಜಿನ ಮೇಲೆ ಒಂದು ಕಾಗದ ಉಳಿದರೂ ನಾನು ಎದ್ದು ಹೋದವಳಲ್ಲ. ಮನೆಯಲ್ಲೂ ಅಷ್ಟೆ. ಓದಲು ಹಿಡಿದ ಪುಸ್ತಕ ಎಷ್ಟು ಕೆಟ್ಟದಾಗಿದ್ದರೂ ಕೊನೆಯ ಪುಟ ಮುಟ್ಟಿಸಿಯೇ ಕೆಳಗಿಡುತ್ತೇನೆ. ಇಂಥವಳಿಗೆ ದೇವರು ಕೊಟ್ಟ ಅತ್ತೆ ಎಂಥವರೆಂದರೆ, ಅವರ ಟ್ರಂಕಿನಲ್ಲಿ ಮುಗಿದ ಕೆಲಸ ಒಂದೂ ಇರಲಿಲ್ಲ.

ಹಸಿರು ಬಣ್ಣದ ಆ ತಗಡಿನ ಟ್ರಂಕು ಧಾರವಾಡದಿಂದ ನಾಶಿಕಕ್ಕೆ ಅವರ ಜೊತೆಯಲ್ಲೇ ಬಂದದ್ದು. ಮಾವನವರು ಸಾತಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಪಂಚವಟಿಯಲ್ಲಿ ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆಯಲ್ಲಿ ಎರಡು ಖೋಲಿಯ ಮನೆ ಹಿಡಿದಿದ್ದರು. ಇಪ್ಪತ್ತೈದು ವರ್ಷದ ಹಿಂದೆ ನಾನು ಮದುವೆಯಾಗಿ ಬಂದದ್ದೂ ಆ ಎರಡು ಖೋಲಿಗೇ. ಬಂದ ವಾರದಲ್ಲಿಯೇ ಟ್ರಂಕಿನ ಒಳಗೆ ಇಣುಕಿ ನೋಡಿ ಬೆರಗಾಗಿದ್ದೆ. ಕಣ್ಣಿಲ್ಲದ ಒಂದು ಬಟ್ಟೆಯ ಗಿಳಿ, ಅರ್ಧ ಹೊಲಿದ ಕೌದಿ. ಮುಂದೆ ವರ್ಷಗಳು ಹೋದಂತೆ ಅದಕ್ಕೆ ಇನ್ನಷ್ಟು ಸೇರಿದವು. ಒಂದೇ ತೋಳಿನ ಕಂದು ಬಣ್ಣದ ಸ್ವೆಟರ್. ಟೀವಿಯ ಮೇಲೆ ಹೊದಿಸಲು ಶುರು ಮಾಡಿದ ಕ್ರೋಶಾದ ಹೊದಿಕೆ. ಆ ಟೀವಿಯನ್ನೇ ಗುಜರಿಗೆ ಹಾಕಿ ಕಾಲವಾಯಿತು, ಹೊದಿಕೆ ಮಾತ್ರ ಇನ್ನೂ ನಾಲ್ಕು ಗೇಣು ಕಡಿಮೆ. "ನಮ್ಮತ್ತಿ ಆರಂಭಶೂರರು" ಎಂದು ನಾನು ಬಂದವರ ಮುಂದೆಲ್ಲ ಚೇಷ್ಟೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಒಮ್ಮೆಯೂ ತಿರುಗಿ ಉತ್ತರ ಕೊಟ್ಟವರಲ್ಲ.

ಇವೆಲ್ಲವುಗಳ ತಳದಲ್ಲಿ, ಹಳೆಯ ಧೋತರದಲ್ಲಿ ಸುತ್ತಿಟ್ಟದ್ದು ನನ್ನ ಸೀರೆ.

ನನ್ನದು ಎಂದೇ ಹೇಳಬೇಕು. ನಮ್ಮ ಕಡೆ ಮದುವೆಯಾಗಿ ಬಂದ ಹುಡುಗಿಗೆ ಚಂದ್ರಕಾಳಿ ಕೊಡುವ ಪದ್ಧತಿ ಉಂಟು. ಕಪ್ಪು ಇಳಕಲ್ ಸೀರೆ, ಅದರ ಮೇಲೆ ಕೈಯಿಂದ ಹಾಕಿದ ಕಸೂತಿ. ಇತ್ತ ನಾಶಿಕದಲ್ಲಿ ಹೊಸ ಸೊಸೆಯಂದಿರು ಮೊದಲ ಸಂಕ್ರಾಂತಿಗೆ ಕಪ್ಪು ಸೀರೆಯನ್ನೇ ಉಡುತ್ತಾರೆ. ಎರಡೂ ಕಡೆಯ ಶಾಸ್ತ್ರ ಒಂದೇ ಸೀರೆಯಲ್ಲಿ ಮುಗಿಯುತ್ತದೆ ಎಂದು ಅತ್ತೆಗೆ ಭಾರಿ ಖುಷಿಯಾಗಿತ್ತಂತೆ. ಆದರೆ ನನ್ನ ಮೊದಲ ಸಂಕ್ರಾಂತಿಗೆ ಅದು ಮುಗಿದಿರಲಿಲ್ಲ. ಎರಡನೆಯದಕ್ಕೂ ಇಲ್ಲ. ವಾಡೆಯ ಪಕ್ಕದ ಮನೆಯ ಮರಾಠಿ ವೈನಿ ಪ್ರತಿ ವರ್ಷ ಅರಿಷಿಣ ಕುಂಕುಮಕ್ಕೆ ಬಂದಾಗ "ಕಾಯ್, ಝಾಲೀ ಕಾ ಚಂದ್ರಕಳಾ?" ಎಂದು ಸೀರೆ ಮುಗಿಯಿತೇ ಅಂತ ಕೇಳುವುದು, ನಾನು ಅತ್ತೆಯ ಕಡೆ ಕೈ ತೋರಿಸುವುದು, ಅವರು "ಬರೂ ವರ್ಷ ನೋಡ್ರಿ" ಅನ್ನುವುದು ಹಬ್ಬದ ಒಂದು ಭಾಗವೇ ಆಗಿಬಿಟ್ಟಿತು. ಆಮೇಲೆ ವಾಡೆ ಬಿಟ್ಟು ಫ್ಲ್ಯಾಟಿಗೆ ಬಂದೆವು. ವೈನಿ ಅಲ್ಲಿಗೂ ಬಂದು ಕೇಳುವುದನ್ನು ಬಿಡಲಿಲ್ಲ.

ಸೀರೆಯಲ್ಲಿ ಉಳಿದಿದ್ದದ್ದು ಬಹಳವೇನಲ್ಲ. ಸೆರಗಿನಿಂದ ದೂರದಲ್ಲಿ ಸಣ್ಣ ಸಣ್ಣ ನಕ್ಷತ್ರ, ಆಮೇಲೆ ಆನೆ, ಆಮೇಲೆ ಗೋಪುರ, ಸೆರಗಿಗೆ ಹತ್ತಿದಂತೆ ಏಳು ತುಳಸಿಕಟ್ಟೆ. ಐದು ಕಟ್ಟೆ ಪೂರ್ತಿಯಾಗಿದ್ದವು. ಆರನೆಯದು ಅರ್ಧ. ಏಳನೆಯದಕ್ಕೆ ಸೂಜಿಯೇ ತಾಗಿರಲಿಲ್ಲ.

ಕಸೂತಿಯಲ್ಲಿ ಅರ್ಧ ಎನ್ನುವುದಕ್ಕೆ ಒಂದು ವಿಶೇಷ ಅರ್ಥವಿದೆ. ಗವಂತಿ ಎಂಬ ಹೊಲಿಗೆಯಲ್ಲಿ ಎಳೆ ಎಣಿಸುತ್ತ ಒಂದು ಬಿಟ್ಟು ಒಂದು ಟಾಕು ಹಾಕುತ್ತ ಹೋಗಬೇಕು. ಚಿತ್ರ ಸುತ್ತಿ ಮುಗಿದ ಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತ, ಬಿಟ್ಟ ಜಾಗ ತುಂಬಬೇಕು. ಹೊರಟಲ್ಲಿಗೇ ದಾರ ಬಂದು ಮುಟ್ಟಬೇಕು. ಗಂಟು ಹಾಕುವಂತಿಲ್ಲ, ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಎಲ್ಲಿಯೋ ಒಂದು ಎಳೆ ಎಣಿಕೆ ತಪ್ಪಿದರೆ ತಿರುಗಿ ಬರುವಾಗ ಕೂಡುವುದಿಲ್ಲ. ಆರನೇ ಕಟ್ಟೆಯಲ್ಲಿ ಅತ್ತೆ ಹೋಗುವ ದಾರಿ ಮುಗಿಸಿದ್ದರು, ಬರುವ ದಾರಿ ಹಾಗೇ ಇತ್ತು. ಕಪ್ಪಿನ ಮೇಲೆ ಕೆಂಪು ಚುಕ್ಕಿಗೀರುಗಳು, ಸೂಜಿ ಅಲ್ಲೇ ಚುಚ್ಚಿಟ್ಟದ್ದು.

ಹೋದ ದೀಪಾವಳಿಯ ಹೊತ್ತಿಗೆ ಈ ಸೀರೆ ಮತ್ತೆ ಹೊರಗೆ ಬಂತು. ಅತ್ತೆಯ ಎಡಗಣ್ಣು ಸಕ್ಕರೆ ಕಾಯಿಲೆಗೆ ಮೊದಲೇ ಹೋಗಿತ್ತು. ಬಲಗಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರ ಮುಖವೂ ಮಸುಕಾಗತೊಡಗಿತ್ತು. ಸಂಕ್ರಾಂತಿಯ ಮುಂಚಿನ ವಾರ ಆಪರೇಷನ್ ಎಂದು ಡಾಕ್ಟರು ಗೊತ್ತು ಮಾಡಿದರು. ಪೊರೆ ತೆಗೆಯುವುದೇನೋ ಸುಲಭ, ಆದರೆ ಹಿಂದಿನ ಪರದೆ ಎಷ್ಟು ಉಳಿದಿದೆಯೋ ಈಗಲೇ ಹೇಳಲಾರೆ ಎಂದರು. ಮನೆಯ ಗೇಟಿನ ಹತ್ತಿರ ಆಟೋದಿಂದ ಇಳಿಯುತ್ತ ಅತ್ತೆ, "ಆ ಕರೀ ಸೀರಿ ಮುಗದದ್ದು ಒಮ್ಮೆ ಕಣ್ಣಿಲೆ ನೋಡಬೇಕಿತ್ತವಾ" ಎಂದರು.

ಇಪ್ಪತ್ತೈದು ವರ್ಷದಲ್ಲಿ ಅವರು ನನ್ನ ಮುಂದೆ ಒಂದು ಆಸೆ ಅಂತ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಅಲ್ಲೇ ನಿರ್ಧಾರ ಮಾಡಿದೆ. ಸಂಕ್ರಾಂತಿಯ ದಿನ ಏಳೂ ಕಟ್ಟೆ ಮುಗಿದ ಸೀರೆ ಉಟ್ಟು ಅವರ ಹೊಸ ಕಣ್ಣಿನ ಎದುರಿಗೆ ನಿಲ್ಲಬೇಕು. ಆ ಕಣ್ಣಿಗೆ ಮುಂದೆ ಏನು ಕಾಣುತ್ತದೋ ಬಿಡುತ್ತದೋ, ಇದೊಂದು ಕಾಣಲಿ.

ಆಗ ನನಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಗಿತ್ತು. ಅಲ್ಲಿ ಚಿಕಲಠಾಣಾದ ವಿಮಾನ ನಿಲ್ದಾಣದ ಹತ್ತಿರ ಒಂದು ಖೋಲಿ ಮಾಡಿಕೊಂಡಿದ್ದೆ. ಎರಡನೇ ನಾಲ್ಕನೇ ಶನಿವಾರಕ್ಕೆ ಬಸ್ಸು ಹಿಡಿದು ನಾಶಿಕಕ್ಕೆ ಬರುವುದು, ಉಳಿದ ಭಾನುವಾರ ಅಲ್ಲೇ ಇರುವುದು. ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟಾಗ ಅತ್ತೆ ಎರಡು ಮಾತು ಹೇಳಿದರು. ಒಂದು, ಕಪ್ಪಿನ ಮೇಲೆ ದೀಪದ ಬೆಳಕಿನಲ್ಲಿ ಸೂಜಿ ಹಾಕಬಾರದು, ಬಿಸಿಲೇ ಬೇಕು. ಇನ್ನೊಂದು, ಮಡಿಲಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಅದರ ಮೇಲೆ ಸೀರೆ ಇಟ್ಟುಕೊಳ್ಳಬೇಕು, ಆಗ ಮಾತ್ರ ಎಳೆಗಳ ನಡುವಿನ ಕಿಂಡಿಗಳು ಕಾಣುತ್ತವೆ. ಅವರ ಸೂಜಿ ಕಿತ್ತು ತೆಗೆಯುವಾಗ ನನಗೊಂದು ಆಶ್ಚರ್ಯವಾಯಿತು. ಅದಕ್ಕೆ ತುಕ್ಕೇ ಹಿಡಿದಿರಲಿಲ್ಲ. ಕೇಳಿದರೆ, "ವರ್ಷಾ ಸಂಕ್ರಾಂತಿಗೆ ಬಿಸಲಿಗೆ ಹಾಕ್ತಿದ್ದೆ, ಸೂಜಿ ಬದ್ಲಿಸ್ತಿದ್ದೆ. ಹಳೀ ಸೂಜಿ ಅರಿವಿಗೆ ಕಲೀ ಮಾಡ್ತದ" ಎಂದರು. ನಾನು ತಲೆಯಾಡಿಸಿ ಬಸ್ಸಿಗೆ ಓಡಿದೆ. ಹೊಲಿಯದೆ ವರ್ಷವರ್ಷವೂ ಸೂಜಿ ಬದಲಿಸಿದ ಹೆಂಗಸು ಎಂಥವಳಿರಬೇಕು ಎಂದು ಯೋಚಿಸುವಷ್ಟು ತಾಳ್ಮೆ ನನಗಿರಲಿಲ್ಲ.

ಚಿಕಲಠಾಣಾದ ಖೋಲಿಯ ಕಿಟಕಿಯಲ್ಲಿ ಮೂರು ಭಾನುವಾರ ಕೂತೆ. ವಿಮಾನ ಇಳಿಯುವ ಸದ್ದಿಗೆ ಎಣಿಕೆ ತಪ್ಪುವುದು, ಮತ್ತೆ ಮೊದಲಿನಿಂದ ಎಣಿಸುವುದು. ಕುತ್ತಿಗೆ ಹಿಡಿದುಕೊಂಡಿತು, ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ತೂತಾಯಿತು. ಐದು ಕಟ್ಟೆ, ಹತ್ತಾರು ಆನೆ, ಲೆಕ್ಕವಿಲ್ಲದಷ್ಟು ನಕ್ಷತ್ರ ಹಾಕಿದ ಆ ಕೈಗೆ ನಾನು ಮೊದಲ ಸಲ ಮನಸ್ಸಿನಲ್ಲೇ ನಮಸ್ಕಾರ ಮಾಡಿದ್ದು ಆಗ. ಆರನೇ ಕಟ್ಟೆಯ ಬರುವ ದಾರಿ ಕೊನೆಗೂ ಹೊರಟಲ್ಲಿಗೆ ಬಂತು, ಆದರೆ ಒಂದು ಎಳೆ ಆಚೆ ನಿಂತುಬಿಟ್ಟಿತು. ಎಲ್ಲಿ ತಪ್ಪಿದೆನೋ ಹುಡುಕಿದೆ, ಸಿಗಲಿಲ್ಲ. ಬಿಚ್ಚಲು ಮನಸ್ಸಾಗಲಿಲ್ಲ. ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಗಂಟು ಹಾಕಿ, ಎಳೆದು ಕೂಡಿಸಿ, ದಾರ ಕತ್ತರಿಸಿದೆ. ಎದುರಿನಿಂದ ಏನೂ ಕಾಣುತ್ತಿರಲಿಲ್ಲ. ಕಣ್ಣಿದ್ದವರಿಗೇ ಕಾಣದ್ದು ಅವರಿಗೆಲ್ಲಿ ಕಾಣಬೇಕು!

ಮುಂದಿನ ರಜೆಯ ಶನಿವಾರ ನಾಶಿಕಕ್ಕೆ ಬಂದು, ಗೆದ್ದವಳಂತೆ ಸೀರೆಯನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ನೋಡಲು ಹೋಗಲೇ ಇಲ್ಲ. ಸೀದಾ ಹಿಂಬದಿ ತಿರುಗಿಸಿ, ಹೆಬ್ಬೆರಳಿನಿಂದ ಕಟ್ಟೆಯನ್ನು ಸುತ್ತುತ್ತ ಬಂದರು. ಬೆರಳು ಒಂದು ಕಡೆ ನಿಂತಿತು.

"ಗಂಟು ಹಾಕೀದಿ."

"ಅರಿವೀ ನೇಯ್ಗಿನೇ ಸರಿ ಇಲ್ರಿ ಅಲ್ಲೆ," ಎಂದೆ.

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಳಂತ. ಬಿಚ್ಚು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರು ಭಾನುವಾರ, ಹಿಡಿದುಕೊಂಡ ಕುತ್ತಿಗೆ, ಎಲ್ಲ ನೆನಪಾಗಿ ಬಾಯಿ ಜಾರಿತು. "ಇಪ್ಪತ್ತೈದು ವರ್ಷ ನೀವು ಮುಗಿಸ್ಲಿಲ್ಲ. ನಾ ಮುಗಿಸಿದ್ರ ಬಿಚ್ಚು ಅಂತೀರಿ. ಮುಗಿಸೂ ಮನಸಿತ್ತೇನ್ರಿ ನಿಮಗ ಎಂದಾದ್ರೂ?"

ಅತ್ತೆ ಸಿಟ್ಟಾಗಲಿಲ್ಲ. ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದರು. "ನಿನಗ ಬ್ಯಾಂಕಿನ ಆರ್ಡರ್ ಬಂದಾಗ ಕೂಸಿಗೆ ಎಂಟು ತಿಂಗಳಾ. ನೀ ಮುಂಜಾನೆ ಹೋಗ್ತಿದ್ದಿ, ಅದು ನನ್ನ ಮಡಿಲಾಗ ಬರ್ತಿತ್ತು. ಸೂಜಿ ಇದ್ದ ಮಡಿಲಾಗ ಕೂಸು ಹ್ಯಾಂಗ ಮಲಗಸ್ಲಿ? ಒಂದರ ಹಿಡೀಬೇಕು, ಇಲ್ಲಾ ಇನ್ನೊಂದರ ಹಿಡೀಬೇಕು. ಕೂಸು ಹಿಡದೆ. ಅದರಾಗೇನು ದೊಡ್ಡ ಮಾತು."

ದೊಡ್ಡ ಮಾತಲ್ಲವಂತೆ! ಟ್ರಂಕಿನ ಬೇರೆ ಕೆಲಸಗಳಿಗೂ ಹೀಗೇ ಕಾರಣ ಇರಬಹುದೆಂದು ಹೊಳೆದು, ಒಂದೊಂದಾಗಿ ಕೇಳಿದೆ. ಒಂದು ತೋಳಿನ ಸ್ವೆಟರ್ ಮಾವನವರದು. ಎರಡನೇ ತೋಳು ಹಾಕುವ ಹೊತ್ತಿಗೆ ಅವರಿಗೆ ಲಕ್ವಾ ಹೊಡೆದು, ಎರಡು ವರ್ಷ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಬೇಕಾಯಿತು. ಕ್ರೋಶಾದ ಹೊದಿಕೆ ನಿಂತದ್ದು ವಾಡೆಯ ವೈನಿಗೆ ಗರ್ಭಕೋಶದ ಆಪರೇಷನ್ ಆಗಿ, ಅವರ ಅವಳಿ ಮಕ್ಕಳು ನಮ್ಮ ಮನೆಯಲ್ಲಿ ಬೆಳೆದಾಗ. ಗಿಳಿ, ಕೌದಿ ನನ್ನ ಗಂಡ ಸಣ್ಣವನಿದ್ದಾಗಿನವು. ಈ ಎಲ್ಲ ಸಂಗತಿಗಳು ನನಗೆ ಗೊತ್ತಿದ್ದವೇ. ಟ್ರಂಕೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಇಪ್ಪತ್ತೈದು ವರ್ಷ ಬರಲಿಲ್ಲ. ನಾನು ಹಿಡಿದ ಕೆಲಸ ಬಿಡದವಳು ಅಂತ ಮೆರೆದದ್ದು, ಅವರು ಹಿಡಿದದ್ದನ್ನು ಬಿಟ್ಟು ನನ್ನ ಮಗಳನ್ನು ಎತ್ತಿಕೊಂಡದ್ದರಿಂದ. ಅಳು ಬಂತು, ಅತ್ತುಬಿಟ್ಟೆ. ಅವರು ನನ್ನ ಕೈಗೆ ಸೂಜಿ ಕೊಟ್ಟು, "ಅಳೂದು ಆಮ್ಯಾಲೆ, ಬಿಸಲು ಹೋಗ್ತದ, ಮೊದ್ಲ ಬಿಚ್ಚು" ಎಂದರು.

ಅವತ್ತು ಮತ್ತು ಮರುದಿನ ಬಿಸಿಲು ಬೀಳುವ ಗ್ಯಾಲರಿಯಲ್ಲಿ ಕೂತು ಆರನೇ ಕಟ್ಟೆಯನ್ನು ಸರಿ ಮಾಡಿದೆವು. ನಾನು ಹಾಕುವುದು, ಅವರು ಹಿಂಬದಿಯಲ್ಲಿ ಬೆರಳಾಡಿಸಿ ಹೇಳುವುದು. ಕೊನೆಯ ಟಾಕು ಹೊರಟ ಜಾಗಕ್ಕೆ ಬಂದು ಕೂತಾಗ ಅವರ ಹೆಬ್ಬೆರಳು ಎರಡು ಸುತ್ತು ಹಾಕಿತು. "ಇಲ್ಲಿಂದ ನಿಂದು. ಜರಾ ಬಿಗಿ ಅದ. ಇರ್ಲಿ, ಬ್ಯಾಂಕಿನಾಕಿ ಹಾಕಿದ್ದು ಅಂತ ಗೊತ್ತಾಗ್ಲಿ."

ಉಳಿದದ್ದು ಏಳನೆಯದು. ಆಪರೇಷನ್ನಿಗೆಂದು ಹತ್ತು ದಿನ ರಜೆ ಹಾಕಿ ಬಂದೆ. ಬರುವ ಹೊತ್ತಿಗೆ ಹೋಗುವ ದಾರಿ ಪೂರ್ತಿ ಮುಗಿದಿತ್ತು, ಎಣಿಕೆಯೂ ಸರಿಯಿತ್ತು. ಬರುವ ದಾರಿಗೆ ಎರಡು ದಿನದ ಬಿಸಿಲು ಸಾಕು ಎಂದು ನನ್ನ ಅಂದಾಜು. ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಪಟ್ಟಿ ತೆಗೆದು, ಕಪ್ಪು ಕನ್ನಡಕ ಹಾಕಿ, ಹನಿ ಬರೆದುಕೊಟ್ಟರು. ಎಷ್ಟು ಕಾಣುತ್ತದೆ ಎಂದು ಕೇಳಿದರೆ ಅತ್ತೆ "ಇನ್ನೂ ಮಂಜು ಮಂಜು" ಅನ್ನುತ್ತಿದ್ದರು. ಎರಡು ತಾಸಿಗೊಮ್ಮೆ ಎರಡು ಬಗೆಯ ಹನಿ, ನಡುವೆ ಹತ್ತು ನಿಮಿಷ ಕಣ್ಣು ಮುಚ್ಚಿ ಅಲುಗಾಡದೆ ಇರಬೇಕು. ದಿಂಬಿನ ಮೇಲೆ ಮಲಗಿಸಿದರೆ ಅತ್ತೆ ತಲೆ ಆಡಿಸಿಬಿಡುತ್ತಿದ್ದರು, ಹನಿ ಕೆನ್ನೆಗೆ ಇಳಿಯುತ್ತಿತ್ತು. ಕೊನೆಗೆ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಹನಿ ಸರಿಯಾಗಿ ಒಳಗೆ ಹೋಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಜೀವನವಿಡೀ ಇನ್ನೊಬ್ಬರನ್ನು ಮಲಗಿಸಿದ ಹೆಂಗಸು ಬಾಯಿ ತೆರೆದು ಮಗುವಿನ ಹಾಗೆ ಮಲಗಿದ್ದನ್ನು ನೋಡುತ್ತ ನನಗೆ ಏಳಲು ಮನಸ್ಸಾಗಲಿಲ್ಲ. ದಿನವೂ ಹೀಗೇ ಆಯಿತು. ಬಿಸಿಲು ಗ್ಯಾಲರಿಯ ಗೋಡೆ ಹತ್ತಿ ಹೊರಟುಹೋಗುತ್ತಿತ್ತು, ಧೋತರದಲ್ಲಿ ಸುತ್ತಿದ ಸೀರೆ ಕುರ್ಚಿಯ ಮೇಲೆ ಹಾಗೇ ಇರುತ್ತಿತ್ತು.

ಸಂಕ್ರಾಂತಿ ಬಂತು. ಏಳನೇ ಕಟ್ಟೆ ಅರ್ಧಕ್ಕೇ ನಿಂತಿತ್ತು. ಹಾಗೇ ಉಟ್ಟೆ. ವೈನಿ ತಿಳಗೂಳದ ಎಳ್ಳುಂಡೆ ಹಿಡಿದುಕೊಂಡು ಬಂದವರು ಬಾಗಿಲಲ್ಲೇ ನಿಂತು, "ಅಗಬಾಯೀ, ನೇಸಲೀ ಏಕದಾಚೀ!" ಎಂದು, ಅಂತೂ ಉಟ್ಟೆಯಲ್ಲ ಅನ್ನುವಂತೆ ಕೆನ್ನೆಗೆ ಕೈ ಹಚ್ಚಿಕೊಂಡರು. ನಾನು ಗ್ಯಾಲರಿಗೆ ಹೋಗಿ, ಅತ್ತೆಯ ಕುರ್ಚಿಯ ಎದುರು ಕೂತು, ಸೆರಗನ್ನು ಅವರ ಮಂಡಿಯ ಮೇಲೆ ಹರಡಿದೆ. ಅವರು ಕಪ್ಪು ಕನ್ನಡಕ ಸ್ವಲ್ಪ ಮೇಲೆತ್ತಿ ಬಗ್ಗಿದರು.

"ಕೆಂಪು ಇಷ್ಟು ಕೆಂಪಿತ್ತೇನವಾ ಇದು?" ಎಂದರು.

ಕಾಣುತ್ತಿತ್ತು. ಪೊರೆಯ ಹಳದಿ ಹೋಗಿ ಬಣ್ಣಗಳು ಕಾಣುತ್ತಿದ್ದವು. ಅವರು ಬೆರಳಿಟ್ಟು ಎಣಿಸಿದರು: ಗೋಪುರ, ಗೋಪುರ, ಆಮೇಲೆ ಒಂದು, ಎರಡು, ಮೂರು ಕಟ್ಟೆ. ಆರನೆಯದರ ಬಿಗಿ ಟಾಕಿಗೆ ನಕ್ಕರು. ಏಳನೆಯದಕ್ಕೆ ಬಂದು, ಚುಕ್ಕಿಗೀರುಗಳ ಮೇಲೆ ಬೆರಳು ನಿಲ್ಲಿಸಿ, ತಲೆ ಎತ್ತಿ ನನ್ನ ಮುಖವನ್ನೇ ನೋಡಿದರು. "ಹಿಡದ ಕೆಲಸಾ ಬಿಡೂದಿಲ್ಲ ಅಂತಿದ್ದೆಲ್ಲಾ, ಇದೊಂದ ಯಾಕ ಬಿಟ್ಟಿ?"

"ಮಡಿಲು ಖಾಲಿ ಇರ್ಲಿಲ್ರಿ, ಅತ್ತಿ," ಎಂದೆ.