ಅತ್ತೆಯ ಹಿಮ್ಮಡಿ, ನನ್ನ ಎಣಿಕೆ

ಮದುವೆಯಾಗಿ ಬಂದ ದಿನದಿಂದ ನನ್ನ ಅತ್ತೆ ನನ್ನನ್ನು ತಿದ್ದುತ್ತಲೇ ಇದ್ದಾರೆ. ಪೊರಕೆ ಹಿಡಿಯುವುದು ಹೀಗಲ್ಲ, ಮುದ್ದೆ ತೊಳಸುವುದು ಹೀಗಲ್ಲ, ಕೂರುವುದು ಹೀಗಲ್ಲ. ಒಮ್ಮೆ ನೆಗಡಿಯಾಗಿದ್ದಾಗ ಸೀನುವುದೂ ಹೀಗಲ್ಲ ಅಂದಿದ್ದರು. ಇಪ್ಪತ್ತೆರಡು ವರ್ಷ ಆದ ಮೇಲೆ ಅವರಿಗೆ ‘ಕಾಲಿಡೋದು ಹಂಗಲ್ಲ ಅತ್ತೆ’ ಅನ್ನುವ ಅವಕಾಶ ನನಗೆ ಸಿಕ್ಕಿತು. ಆಗ ಆದ ಖುಷಿಯನ್ನು ಯಾಕೆ ಮುಚ್ಚಿಡಲಿ?

ಆದದ್ದು ಇಷ್ಟು. ಬೀನ್ಸ್ ಹೊಲದ ಬದುವಿನಿಂದ ಜಾರಿ ಅತ್ತೆಯ ಎಡಗಾಲು ಉಳುಕಿತ್ತು. ನೋವು ಹೋಯಿತು, ಬಾವೂ ಇಳಿಯಿತು. ಆದರೆ ಹೆಜ್ಜೆ ಇಟ್ಟಾಗೆಲ್ಲ ಕಣಕಾಲು ಒಳಕ್ಕೆ ವಾಲುತ್ತಿತ್ತು. ಅದೇ ಕಾರಣಕ್ಕೆ ಇನ್ನೆರಡು ಸಲ ಬಿದ್ದರು. ನನ್ನ ಗಂಡ ಅಪ್ಪಣೆ ಹೊರಡಿಸಿದರು.

“ಇನ್ಮೇಲೆ ನೀ ಒಬ್ಳೇ ಒಲಕ್ಕೆ ಓಗ್ಬ್ಯಾಡ ಅವ್ವ. ಆನೆ ಬಂದ್ರೆ ಓಡೋಕಾದದಾ?”

“ಆನೆ ಬಂದ್ರೆ ನೀ ಓಡಿ ಗೆದ್ದೀಯೇನ್ಲಾ?” ಅಂದರು ಅತ್ತೆ.

ಆದರೂ ಅಪ್ಪಣೆ ಅಪ್ಪಣೆಯೇ.

ಆ ಹೊಲ ನಮ್ಮ ತಾಳವಾಡಿಯಿಂದ ಜೀರಹಳ್ಳಿ ಕಡೆಗೆ, ಕಾಡಂಚಿನಲ್ಲಿದೆ, ಒಂದೇ ಎಕರೆ. ಮದುವಣಗಿತ್ತಿಯಾಗಿ ಬಂದಾಗಿನಿಂದ ಅತ್ತೆ ದಿನವೂ ಒಬ್ಬರೇ ಅಲ್ಲಿಗೆ ಹೋಗುತ್ತಿದ್ದರು. ಈಗ ದೊಡ್ಡ ಕೆಲಸವೇನೂ ಮಾಡುತ್ತಿರಲಿಲ್ಲ. ಎರಡು ಹಿಡಿ ಬೀನ್ಸ್ ಕಿತ್ತು, ಕೂಲಿಯವರನ್ನು ಸ್ವಲ್ಪ ಬೈದು, ಎಲೆಅಡಿಕೆ ಹಾಕಿಕೊಂಡು ಮಧ್ಯಾಹ್ನಕ್ಕೆ ಬರುತ್ತಿದ್ದರು. ಅಷ್ಟು ಹೊತ್ತು ಅವರು ಯಾರ ಅತ್ತೆಯೂ ಅಲ್ಲ, ಯಾರ ಅವ್ವನೂ ಅಲ್ಲ. ಅದು ನಿಂತ ಮೇಲೆ ಅವರ ಮುಖವೇ ಬಾಡಿಹೋಯಿತು. ಇಡೀ ದಿನ ಮನೆಯಲ್ಲೇ ಕೂತರು. ಅಂದರೆ ಇಡೀ ದಿನ ನನ್ನ ಅಡುಗೆಮನೆಯಲ್ಲಿ. ಅವರು ಹೊಲಕ್ಕೆ ಹೋಗಬೇಕೆಂದು ಅವರಿಗಿಂತ ಹೆಚ್ಚು ಹರಕೆ ಹೊತ್ತವಳು ನಾನು.

ಸತ್ಯಮಂಗಲದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳಿದ್ದಳು, ತಮಿಳಿನವಳು. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಂದ ನಮ್ಮಿಬ್ಬರನ್ನೂ ಕೂರಿಸಿ ನೀರು ಕೊಟ್ಟು, ಅತ್ತೆಯ ಕಾಲನ್ನು ತಿರುಗಿಸಿ ನೋಡಿದಳು. ಪುಟಿಯುವಂಥದ್ದರ ಮೇಲೆ ನಿಂತು ಅಭ್ಯಾಸ ಮಾಡಿದರೆ ಕಣಕಾಲು ಗಟ್ಟಿಯಾಗುತ್ತದೆ ಅಂದಳು. ಎಡಗಾಲೊಂದರಲ್ಲೇ ಅದರ ಮೇಲೆ ನಿಂತು, ಹಿಮ್ಮಡಿ ಒಳಕ್ಕೆ ಬೀಳದ ಹಾಗೆ ಹತ್ತು ಎಣಿಸಲಿ, ಆಮೇಲೆ ಒಬ್ಬರೇ ಓಡಾಡಲಿ ಅಂತಲೂ ಹೇಳಿದಳು. ಮನೆಗೆ ಬಂದು ಹೇಳಿದಾಗ ನನ್ನ ಗಂಡ ಒಪ್ಪಿದರು.

ಪುಟಿಯುವಂಥದ್ದು ನಮ್ಮ ಮನೆಯಲ್ಲೇ ಇತ್ತು! ಚಾಮರಾಜನಗರದಲ್ಲಿರುವ ನನ್ನ ತಂಗಿ ಸೊಂಟ ಕರಗಿಸಲು, ದುಂಡು ಚೌಕಟ್ಟಿಗೆ ಬಲೆ ಬಿಗಿದ ಒಂದು ಪುಟ್ಟ ಟ್ರ್ಯಾಂಪೊಲಿನ್ ಕೊಂಡಿದ್ದಳು. ಒಂದು ವಾರ ಕುಣಿದಳು. ಸೊಂಟ ಇದ್ದಲ್ಲೇ ಇತ್ತು. ಬೇಸರವಾಗಿ ಅದನ್ನು ತಾಳವಾಡಿ ಬಸ್ಸಿಗೆ ಹಾಕಿ ನನಗೆ ಕಳಿಸಿದ್ದಳು. ನಾನು ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದೆ. ಗಾಳಿ ಚೆನ್ನಾಗಿ ಆಡುತ್ತಿತ್ತು.

ಸಂಡಿಗೆ ತೆಗೆದು ಒರೆಸಿ ಕಿಟಕಿಯ ಪಕ್ಕ ಇಟ್ಟೆ. ಅತ್ತೆ ಹತ್ತಲಿಲ್ಲ.

“ಇದು ಜರಡಿ ಕಣಮ್ಮಿ. ಜರಡಿ ಮೇಲೆ ಕಾಲ್ ಮಡಗದಾ?”

ಜರಡಿಯಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತಪ್ಪಾಯಿತೆಂದು ಹೇಳಿ ಹತ್ತಿದರು. ಆ ಕಡೆಯಿಂದ ಈ ಕಡೆಗೆ ತೂರಾಡಿದರು. ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದರು. ನನ್ನ ಕಾಲ ಶುರುವಾಯಿತು.

“ಬೆರಳು ಮುಂದಕ್ಕೆ ಅತ್ತೆ! ಎರಡೂ ಪಾದ ನ್ಯಾರಕ್ಕೆ ಮಡಗಿ! ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ, ಮೂರರ ಮೇಲೂ ಭಾರ ಬುಡಿ! ಮಂಡಿ ಒಳಕ್ಕೆ ಬತ್ತಾ ಅದೆ! ನೆಗೀಬ್ಯಾಡಿ, ಸುಮ್ಕೆ ಅಲ್ಲಾಡಿ!”

ಆ ಹುಡುಗಿ ಹೇಳಿದ್ದು ನಾಲ್ಕು ಮಾತು. ನಾನು ಹೇಳಿದ್ದು ನಲವತ್ತು. ಅತ್ತೆ ಹಲ್ಲು ಕಚ್ಚಿಕೊಂಡು ಕೇಳಿದರು. ಬೇಕಾದದ್ದು ಹೊಲ, ಸಿಕ್ಕಿದ ಮೇಷ್ಟರು ನಾನು, ಏನು ಮಾಡುತ್ತಾರೆ ಪಾಪ?

ಎರಡು ವಾರವಾದರೂ ಎಡ ಹಿಮ್ಮಡಿ ಮಾತ್ರ ಒಳಕ್ಕೆ ಬೀಳುವುದು ನಿಲ್ಲಲಿಲ್ಲ. ಫೋನಿನಲ್ಲಿ ವಿಡಿಯೋ ತೆಗೆದು ಹುಡುಗಿಗೆ ಕಳಿಸಿದೆ. ಅವಳು ಗಾಬರಿಯಿಂದ ಫೋನ್ ಮಾಡಿದಳು. ಅಜ್ಜಿ ಯಾಕೆ ಬಲಗೈಯಲ್ಲಿ ಎದೆ ಹಿಡಿದುಕೊಂಡಿದ್ದಾರೆ, ಎದೆನೋವಾ?

ಎದೆನೋವಲ್ಲ, ಲಿಂಗ. ಕೊರಳಿನಿಂದ ಎದೆಗೆ ಇಳಿಬಿದ್ದ ಬೆಳ್ಳಿಯ ಕರಡಿಗೆ. ಅತ್ತೆ ಒಂದು ಸಲ ಪುಟಿದರೆ ಅದು ಎರಡು ಸಲ ಪುಟಿದು ಗದ್ದಕ್ಕೆ ಬಡಿಯುತ್ತಿತ್ತು. ಅದಕ್ಕೇ ಬಲಗೈ ಅದರ ಮೇಲೆ, ಎಡಗೈ ಸರಳಿನ ಮೇಲೆ. ಮೈಯೆಲ್ಲ ಕಿಟಕಿಯ ಕಡೆ ವಾಲಿ ಭಾರವೆಲ್ಲ ಎಡಗಾಲಿಗೆ ಬೀಳುತ್ತಿತ್ತು. ನಾನು ಎರಡು ವಾರ ಪಾದವನ್ನೇ ನೋಡುತ್ತಾ ಕೂಗಿದ್ದೆ, ಕೈಯನ್ನು ನೋಡಿರಲೇ ಇಲ್ಲ.

“ಐದು ನಿಮಿಷ ತೆಗೆದು ದೇವರ ಗೂಡಿನಲ್ಲಿ ಮಡಗಿ ಅತ್ತೆ” ಅಂದುಬಿಟ್ಟೆ. ನಾನೂ ಲಿಂಗ ಕಟ್ಟಿದವಳೇ, ಅದನ್ನು ಮೈಯಿಂದ ಬಿಡಬಾರದೆಂದು ಗೊತ್ತಿದ್ದೂ ಆ ಮಾತು ಬಾಯಿಂದ ಹೇಗೆ ಬಂತೋ! ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನಾಚಿಕೆಯಾಯಿತು.

ಮಾರನೆಯ ದಿನ ಅವರೇ ಮಾವನವರ ಹಳೇ ಟವೆಲ್ ತಂದು, ಕರಡಿಗೆಯನ್ನು ಎದೆಗೆ ಬಿಗಿಯಾಗಿ ಸುತ್ತಿ ಕಟ್ಟಿಕೊಂಡರು. ಮಾವ ಉಳುವಾಗ ಹಾಗೆಯೇ ಕಟ್ಟುತ್ತಿದ್ದರಂತೆ. ಬಲಗೈ ಬಿಡುಗಡೆಯಾಯಿತು. ಮೈ ನೆಟ್ಟಗಾಯಿತು. ಹಿಮ್ಮಡಿಯೂ ನೆಟ್ಟಗಾಗತೊಡಗಿತು.

“ಸಿವನ್ನೂ ಈಟ್ ದಿನ ಸುಮ್ಸುಮ್ಕೆ ಕುಣಿಸ್ಬುಟ್ಟೆ” ಅಂದು ನಕ್ಕರು. ನಾನೂ ನಕ್ಕೆ.

ತಿಂಗಳಾಯಿತು. ಪರೀಕ್ಷೆಯ ದಿನ ನನ್ನ ಗಂಡ ಕೈಕಟ್ಟಿ ನಿಂತರು. ಅತ್ತೆ ಸರಳು ಬಿಟ್ಟು ಎಡಗಾಲಿನಲ್ಲಿ ನಿಂತರು. ನಾನು ಎಣಿಸಿದೆ. ಆರರವರೆಗೆ ಕಂಬದ ಹಾಗಿದ್ದರು. ಏಳಕ್ಕೆ ಹಿಮ್ಮಡಿ ನಡುಗಿತು. ನನ್ನ ಗಂಡ ತಾಯಿಯ ಮುಖ ನೋಡುತ್ತಿದ್ದರು. ಹಿಮ್ಮಡಿ ನೋಡುತ್ತಿದ್ದವಳು ನಾನೊಬ್ಬಳೇ. ಅದು ಇನ್ನೇನು ಒಳಕ್ಕೆ ಬೀಳಬೇಕು, ಅಷ್ಟರಲ್ಲಿ ಒಂದೇ ಉಸಿರಿನಲ್ಲಿ “ಎಂಟೊಂಬತ್ಹತ್ತು!” ಅಂದೆ.

“ಆಯ್ತು ಬುಡು, ಓಗು” ಅಂದರು ನನ್ನ ಗಂಡ.

ಮರುದಿನ ಬೆಳಿಗ್ಗೆ ಅತ್ತೆ ಕುಕ್ಕೆ ಹಿಡಿದು ಹೊರಟರು. ಅಡುಗೆಮನೆ ನನ್ನದಾಯಿತು. ಬೇಕಾದ ಹಾಗೆ ಒಗ್ಗರಣೆ ಹಾಕಬಹುದಿತ್ತು. ಹಾಕಿದೆ, ಸೀದುಹೋಯಿತು. ಕಣ್ಣ ಮುಂದೆ ಆ ಹಿಮ್ಮಡಿಯೇ ಬರುತ್ತಿತ್ತು. ನನ್ನ ನೆಮ್ಮದಿಗೋಸ್ಕರ ಮುದುಕಿಯನ್ನು ಬದುವಿನ ಮೇಲೆ ಕಳಿಸಿಬಿಟ್ಟೆನಲ್ಲ! ಒಲೆ ಆರಿಸಿ, ನೆಪಕ್ಕೊಂದು ಊಟದ ಡಬ್ಬಿ ಹಿಡಿದು ಓಡಿದೆ. ಆಗಿನ್ನೂ ಎಂಟು ಗಂಟೆ.

ಹೊಲದ ಹತ್ತಿರ ಮಳೆನೀರು ಬದುವನ್ನು ಒಂದು ಹೆಜ್ಜೆಯಷ್ಟು ಕೊರೆದಿತ್ತು. ಅದರ ಈಚೆಗೆ ಅತ್ತೆ ನಿಂತಿದ್ದರು. ಕುಕ್ಕೆ ನೆಲದ ಮೇಲಿತ್ತು. ಎರಡೂ ಪಾದ ನೇರಕ್ಕಿದ್ದವು. ಆಚೆ ಹತ್ತು ಮಾರು ದೂರದಲ್ಲಿ ಬೀನ್ಸ್ ಗಿಡಗಳು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. ಕೂಗಿದ್ದರೆ ಕೂಲಿಯವರಿಗೆ ಕೇಳಿಸುತ್ತಿತ್ತು. ಕೂಗಿರಲಿಲ್ಲ.

“ಈಟೊತ್ಗೇ ಊಟ ತಂದ್ಯಾ?” ಅಂದರು.

ನಾನು ಡಬ್ಬಿಯನ್ನು ಅವರ ಕುಕ್ಕೆಯೊಳಗೆ ಇಟ್ಟೆ.

“ನೆನ್ನೆ ನೀ ಬಿರ್ನೆ ಎಣಿಸ್ಬುಟ್ಟೆ. ನಂಗೊತ್ತು ಕಣಮ್ಮಿ.”

“ಗೊತ್ತಿದ್ದೂ ಯಾಕೆ ಸುಮ್ನಿದ್ರಿ ಅತ್ತೆ?”

“ಒಲ ನೋಡ್ಬೇಕಾಗಿತ್ತು” ಅಂದರು. ಆಮೇಲೆ ಕೈ ಚಾಚಿದರು.

ಅಷ್ಟು ವರ್ಷಗಳಲ್ಲಿ ಅವರು ನನ್ನ ಕೈ ಹಿಡಿದದ್ದೇ ಇಲ್ಲ. ಅಂಗೈ ಒರಟಾಗಿತ್ತು, ಹಿಡಿತ ಬಿಗಿಯಾಗಿತ್ತು. ಕಾಲು ಎತ್ತಿ ದಾಟಿದರು. ನಾನು ಹಿಮ್ಮಡಿ ನೋಡಿದೆ. ನೆಟ್ಟಗಿತ್ತು.

ಸಂಜೆ ನನ್ನ ಗಂಡ ಕೇಳಿದರು: “ಒಬ್ಳೇ ಓಗಿ ಬಂದ್ಯಾ ಅವ್ವ?”

“ಒಬ್ರೇ” ಅಂದೆ ನಾನು, ಅತ್ತೆ ಬಾಯಿ ತೆರೆಯುವ ಮೊದಲೇ.

ನನ್ನ ಗಂಡ ಹಾಲು ಕರೆಯಲು ಕೊಟ್ಟಿಗೆಗೆ ಹೋದರು. ಅತ್ತೆ ಯಾರೂ ಹೇಳದೆ ಟ್ರ್ಯಾಂಪೊಲಿನ್ ಹತ್ತಿ ನಿಂತರು.

“ಎಣ್ಸು” ಅಂದರು. “ನಿದಾನುಕ್ಕೆ.”

ನಿಧಾನಕ್ಕೆ ಎಣಿಸಿದೆ. ಎಂಟಕ್ಕೆ ಹಿಮ್ಮಡಿ ಒಳಕ್ಕೆ ಬಿತ್ತು. “ಎಂಟು” ಅಂದು ನಿಲ್ಲಿಸಿದೆ.

ಅತ್ತೆ ತಲೆಯಾಡಿಸಿ ಮತ್ತೆ ಕಾಲೆತ್ತಿದರು.