ಹಿಂದೆ ನೋಡುವ ಕೆಲಸ

ಇವತ್ತು ಬೆಳಿಗ್ಗೆ ಮೊಮ್ಮಗಳು ಅನುವಿನ ಹೊಸ ಹೆಲ್ಮೆಟ್ಟನ್ನು ಡಬ್ಬಿಯಿಂದ ತೆಗೆದೆ. ಹೊಸ ರಬ್ಬರಿನ ವಾಸನೆ! ಮೂಸಿದ್ದೇ ಮೂಸಿದ್ದು. ಪಕ್ಕದ ಮೊಳೆಗೆ ನಮ್ಮಾಕೆಯ ಹಳೆಯ ಹೆಲ್ಮೆಟ್ ತೂಗುತ್ತದೆ, ಅದನ್ನೂ ಮೂಸಿದೆ. ಅದರಲ್ಲಿ ಇನ್ನೂ ಜೋಳದ ಹಿಟ್ಟಿನ ವಾಸನೆಯಿದೆ. ಇಲ್ಲ ಅನ್ನುತ್ತಾಳೆ ಸೊಸೆ. ಅವಳ ಮೂಗಿಗೇನು ಗೊತ್ತು, ಬಿಡಿ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆದು ರೂಢಿಯಿಲ್ಲ. ಆದರೆ ಇವತ್ತಿನ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ಸ್ವಲ್ಪ ಕೂತು ಕೇಳಿ.

ನಮ್ಮಾಕೆ ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಮೋಟಾರ್‌ಸೈಕಲ್ ಓಡಿಸುತ್ತಿದ್ದೆ. ದುಡಿಯಲು ಬಂದ ಈ ಮರಾಠಿ ಊರಿನಲ್ಲಿ, ಕ್ಯಾಂಪ್ ಪೇಟೆಯಿಂದ ಖರಾಡಿಯವರೆಗೆ ನಮ್ಮ ಕಡೆಯವರ ಮನೆಮನೆಗೆ ಗರಿಗರಿ ಕಟಕ ರೊಟ್ಟಿ ಮುಟ್ಟಿಸುವುದೇ ನಮ್ಮ ಉದ್ಯೋಗ. ಒಂದು ಗಂಟು ಅವಳ ತೊಡೆಯ ಮೇಲೆ, ಎರಡು ಚೀಲ ಹ್ಯಾಂಡಲ್ಲಿಗೆ. ಚೀಲಕ್ಕೆ ಅಡ್ಡ ಬರುತ್ತವೆಂದು ಕನ್ನಡಿಗಳನ್ನೇ ಬಿಚ್ಚಿಸಿಬಿಟ್ಟಿದ್ದೆ, ಎಂಥ ಶಾಣ್ಯಾ ನಾನು! ಕುತ್ತಿಗೆ ಹೊರಳಿಸಿದರೆ ಬೈಯುತ್ತಿದ್ದಳು:

“ಏ, ಮುಂದ ನೋಡ್ರಿ. ಹಿಂದಿಂದು ನಾ ನೋಡ್ತೀನಿ.”

ಅವಳು ನನ್ನ ಭುಜವನ್ನು ಒಂದು ಸಲ ಒತ್ತಿದರೆ ನಿಲ್ಲು, ಎರಡು ಸಲ ಒತ್ತಿದರೆ ನಡೆ. ಇಪ್ಪತ್ತು ವರ್ಷ ಒಂದು ರೊಟ್ಟಿಯೂ ಮುರಿಯಲಿಲ್ಲ. ಮುರಿದದ್ದನ್ನು ನಾವೇ ತಿಂದೆವು, ಆ ಮಾತು ಬೇರೆ.

ಅವಳು ಹೋಗಿ ಎರಡು ವರ್ಷ. ಮನೆ ತುಂಬ ಜನರಿದ್ದಾರೆ, ಊಟಕ್ಕೆ ಕರೆಯುತ್ತಾರೆ, ಮಾತ್ರೆ ಕೊಡುತ್ತಾರೆ. ಆದರೆ ಚೌಕ ಬಂತೆಂದರೆ ಭುಜ ಕಾಯುತ್ತದೆ. ಒಂದು ದಿನ ಕಾದು ಕಾದು ಗಾಡಿ ಹೊರಳಿಸಿದೆ. ಹಿಂದಿನಿಂದ ಬಂದ ರಿಕ್ಷಾ ಮೊಣಕೈ ಸವರಿಕೊಂಡೇ ಹೋಯಿತು. ಸೊಸೆ ಮೆಲ್ಲಗೆ ಅಂದಳು:

“ಮಾವಾರ, ಸರಿಯಾಗಿ ಕಲತು ಬರೂತನಕ ಅನೂನ್ನ ನಿಮ್ಮ ಗಾಡಿ ಮ್ಯಾಲ ಕುಂಡರಸೂದಿಲ್ರಿ.”

ತಪ್ಪೇನಿಲ್ಲ. ಆದರೆ ಹತ್ತು ವರ್ಷದ ಆ ಕೂಸೊಂದೇ ನನ್ನ ಹಿಂದೆ ಕೂರುತ್ತಿತ್ತು. ಅದೂ ಶಾಲೆಯ ವ್ಯಾನು ಹತ್ತಿತು.

ಹಾಗಾಗಿ ಕನ್ನಡಿ ಹಾಕಿಸಿಕೊಂಡು, ಗಾಡಿ ಓಡಿಸುವವರಿಗೇ ಮತ್ತೆ ಓಡಿಸುವುದು ಕಲಿಸುವ ತರಬೇತಿಗೆ ಹೋದೆ. ಖರಾಡಿಯ ಒಂದು ಮೈದಾನ. ಕೈಗವಸು, ಮೊಣಕಾಲ ಕವಚ ತೊಟ್ಟ ಹುಡುಗರ ನಡುವೆ ನಾನು. ಕಲಿಸುವವಳು ಸೊಲ್ಲಾಪುರದ ಹುಡುಗಿ, ಕನ್ನಡ ಬಲ್ಲವಳು. ಮೊದಲ ತಿರುವಿಗೇ ನಾನು ನಿಂತೆ. ನನ್ನ ಹಿಂದಿನವರೆಲ್ಲ ನಿಂತರು.

“ಯಾಕ ನಿಂತ್ರಿ ಅಜ್ಜಾರ?”

“ಇನ್ನೂ ಭುಜ ಒತ್ತಿಲ್ಲವಾ.”

“ಯಾರು?”

“ನಮ್ಮಾಕಿ.”

ಹುಡುಗರು ನಕ್ಕರು. ನಾನೂ ನಕ್ಕೆ. ಕಲಿಸುವವಳು ಬಗ್ಗಿ, ನಾನು ತಿರುಗಿಸಿಟ್ಟಿದ್ದ ಕನ್ನಡಿ ನೋಡಿದಳು.

“ಇದರಾಗ ಖಾಲಿ ಸೀಟಷ್ಟ ಕಾಣ್ತದ್ರಿ. ರಸ್ತೆ ಕಾಣಬೇಕು.”

ಬೆರಳಿಂದ ಕನ್ನಡಿಯನ್ನು ಮೇಲೆತ್ತಿದಳು. ಸೀಟು ಮರೆಯಾಯಿತು.

ನಾಲ್ಕು ಭಾನುವಾರ ಬ್ರೇಕು ಹಿಡಿಯುವುದು, ಆಮೆಯ ಹಾಗೆ ಓಡಿಸುವುದು, ಕನ್ನಡಿ ನೋಡಿ ಮತ್ತೆ ಹೆಗಲ ಮೇಲಿಂದ ಹಿಂದೆ ನೋಡುವುದು. ನಿನ್ನೆ ಪಾಸಾದೆ! ಸೊಸೆಯೇ ಹೆಲ್ಮೆಟ್ ತಂದಳು.

ಇವತ್ತು ಅನು ಹಿಂದೆ ಕೂತಳು. ಗೇಟು ದಾಟಿ ದೊಡ್ಡ ರಸ್ತೆಯ ತಿರುವಿಗೆ ಬಂದೆವು. ಕನ್ನಡಿ ನೋಡಿದೆ, ಹೊರಳಿ ನೋಡಿದೆ. ರಸ್ತೆ ಬಿಡುವಾಗಿತ್ತು. ಆದರೂ ಗಾಡಿ ಬಿಡಲಿಲ್ಲ.

“ಅಜ್ಜಾ, ಯಾಕ ನಿಂತಿ? ಯಾವ ಗಾಡೀನೂ ಇಲ್ಲಲಾ!”

“ನೋಡೀನವಾ. ಆದರೂ ನನ್ನ ಭುಜಾ ಎರಡು ಸಲ ಒತ್ತು.”

ಒತ್ತಿದಳು. ಹೊರಟೆ.